ತಳದ ಭಾರ: ಅತ್ತೆ, ಒಬ್ಬರು

ಬಟ್ಟೆ ಒಣಹಾಕಿ ಒಳಗೆ ಬಂದರೆ ಅತ್ತೆ ಟ್ರಂಕಿಗೆ ಹಗ್ಗ ಬಿಗಿದುಕೊಂಡು ಬಾಗಿಲಲ್ಲಿ ಕೂತಿದ್ದರು.

“ತಂಗಿ ಮನೆಗೆ ಹೋಗ್ತೀನಿ. ಇನ್ನು ಬರಲ್ಲ.”

“ಏನಾಯ್ತು ಅತ್ತೆ?”

“ನಿನ್ನ ಗಂಡ ಫೋನಲ್ಲಿ ಹೇಳ್ತಿದ್ದ, ಹಳೇ ಭಾರ ಸಾಕು, ಇವತ್ತೇ ಇಳಿಸಿಬಿಡ್ತೀನಿ ಅಂತ. ನಾನೇನು ಕಿವುಡಿಯಾ?”

ನನ್ನ ಗಂಡ ಹಾಯಿದೋಣಿ ಕಟ್ಟುವವರು. ಅವರು ಹೇಳಿದ್ದು ದೋಣಿ ವಾಲದಿರಲೆಂದು ಅದರ ತಳದಲ್ಲಿಟ್ಟಿದ್ದ, ಈಗ ತುಕ್ಕುಹಿಡಿದ ಕಬ್ಬಿಣದ ಗಟ್ಟಿಗಳ ಬಗ್ಗೆ. ಎಷ್ಟು ಬಿಡಿಸಿ ಹೇಳಿದರೂ ಅತ್ತೆ ನಂಬಲಿಲ್ಲ. ತಿಂಡಿಯನ್ನೂ ಮುಟ್ಟಲಿಲ್ಲ. ಕಣ್ಣಾರೆ ನೋಡಲಿ ಎಂದು ಕೈಹಿಡಿದು ದಡಕ್ಕೆ ಕರೆದೊಯ್ದೆ. ಟ್ರಂಕೂ ಬಂತು, ಹೊತ್ತವಳು ನಾನು.

ದೋಣಿ ಪರೀಕ್ಷೆಗೆ ತಪಾಸಣೆಯವರು ಆಗಲೇ ಬಂದು ನನ್ನ ಗಂಡನ ಜೊತೆ ನಿಂತಿದ್ದರು. ಹಳೆಯ ಗಟ್ಟಿಗಳು ದಡದಲ್ಲಿ, ಹೊಸವು ಇನ್ನೂ ದಾರಿಯಲ್ಲಿ. ತಳ ಬರಿದಾದ ದೋಣಿ ಸಣ್ಣ ಗಾಳಿಗೂ ಕುಡುಕನ ಹಾಗೆ ತೂರಾಡುತ್ತಿತ್ತು.

“ನೋಡಿ, ಇದೇ ಆ ಭಾರ,” ಎಂದೆ.

ಅತ್ತೆ ಒಂದು ಗಟ್ಟಿಯನ್ನು ಕಾಲಲ್ಲಿ ತಟ್ಟಿದರು. “ನೆಪಕ್ಕೆ ಏನಾದ್ರೂ ಬೇಕಲ್ಲ! ಆಚೆ ದಡದಲ್ಲೇ ತಂಗಿ ಮನೆ. ಬಿಟ್ಟು ಬಾ,” ಎಂದು ಮಗನಿಗೆ ಹೇಳಿದವರೇ ಟ್ರಂಕಿನ ಸಮೇತ ದೋಣಿಗೆ ಇಳಿದು ತಳದಲ್ಲಿ ಕೂತುಬಿಟ್ಟರು.

ದೋಣಿಯ ತೂರಾಟ ನಿಂತಿತು. ತಪಾಸಣೆಯವರು ಹಾಯಿಕಂಬದ ಹಗ್ಗ ಎಳೆದು ದೋಣಿಯನ್ನು ಬಾಗಿಸಿದರು, ಬಿಟ್ಟೊಡನೆ ನೆಟ್ಟಗಾಯಿತು. ಅಲ್ಲಾಡಿಸಿದ್ದಕ್ಕೆ ಅವರನ್ನು ಬಯ್ಯಲೆಂದು ಅತ್ತೆ ಎದ್ದು ನಿಂತರು, ದೋಣಿ ವಾಲಿತು.

“ಅತ್ತೆ! ಕೂತ್ಕೊಳ್ಳಿ!” ನಾನು ಕಿರುಚಿದೆ. ಕೂತರು. ದೋಣಿಯೂ ಸುಮ್ಮನಾಯಿತು.

“ಭಾರ ಎಷ್ಟಿದೆ ಅನ್ನೋದಷ್ಟೇ ಅಲ್ಲ, ಎಷ್ಟು ಕೆಳಗಿದೆ ಅನ್ನೋದೂ ಮುಖ್ಯ,” ಎನ್ನುತ್ತಾ ತಪಾಸಣೆಯವರು ನಾನು ಕಿರುಚಿ ಕರೆದ ಹೆಸರನ್ನೇ ಹಾಕಿ ಬರೆದುಕೊಂಡರು: ತಳದ ಭಾರ: ಅತ್ತೆ, ಒಬ್ಬರು. ಟ್ರಂಕು, ಒಂದು.

“ಹೊಸ ಗಟ್ಟಿ ಬಂದ್ಮೇಲೆ ಬದಲಾಯಿಸ್ತೀನಿ ಸಾರ್,” ಎಂದರು ನನ್ನ ಗಂಡ.

“ಆಗಲ್ಲ. ಪರೀಕ್ಷೆ ಪಾಸಾಗಿರೋದು ಇವರ ಮೇಲೆ. ಇವರು ಬೇರೆ ಕಡೆ ಹೋಗೋ ಹಾಗಿಲ್ಲ, ತೂಕ ಇಳಿಯೋ ಹಾಗಿಲ್ಲ. ಪ್ರತಿ ತಿಂಗಳು ಬಂದು ತೂಗ್ತೀನಿ.”

ಅತ್ತೆ ಮಗನ ಕಡೆ ತಿರುಗಿದರು. “ಹಾಗಾದ್ರೆ ನಾನು ಭಾರ ಅಂತ ನೀನೇ ಒಪ್ಕೊಂಡ್ಯಲ್ಲ!”

“ಭಾರಾನೇ ಅಮ್ಮ. ನೀನು ಹೋದ್ರೆ ಮಗುಚಿಕೊಳ್ತೀವಿ.”

ಅತ್ತೆ ಟ್ರಂಕಿನ ಹಗ್ಗ ಬಿಚ್ಚಿ ಮಗನ ಕೈಗೆ ಕೊಟ್ಟರು.

ಮಧ್ಯಾಹ್ನ ತಟ್ಟೆ ಮುಂದೆ ಚಾಚಿ ನನ್ನನ್ನೇ ಗದರಿದರು: “ಇನ್ನೊಂದು ಸೌಟು ಹಾಕೇ. ಮುಂದಿನ ತಿಂಗಳು ತೂಕ ಕಮ್ಮಿ ಬಂದ್ರೆ ಅವರಿಗೆ ಜವಾಬು ನೀನು ಹೇಳ್ತೀಯಾ?”