ಹೆಸರಿನ ಮೇಲೆ ಅಂಟಿಸಿದ ಕಾಗದ

ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ಸಂದರ್ಶನಕ್ಕೆ ಹೆಸರು ಕೂಗಿದರು, ಮಧುಕರ್ ಸಾನ್, ಅದು ನನ್ನ ಗಂಡನ ಹೆಸರು, ಎದ್ದದ್ದು ಮಗಳು ನಿಧಿ, ಹಾಯ್ ಎಂದಳು, ಇಲ್ಲಿ ಹೌದು ಎನ್ನುವುದು ಹಾಗೆ, ನಮಗೆ ಮನೆತನದ ಹೆಸರಿಲ್ಲವೆಂದು ಪಾಸ್‌ಪೋರ್ಟಿನಲ್ಲಿ ಆ ಜಾಗಕ್ಕೆ ಅಪ್ಪನ ಹೆಸರು ತುಂಬಿದೆವು, ಅಂದಿನಿಂದ ಜಪಾನಿನ ಈ ಕಾವಾಸಾಕಿಯಲ್ಲಿ ಎಲ್ಲರೂ ಅವಳನ್ನು ಮಧುಕರ್ ಎಂದೇ ಕರೆಯುತ್ತಾರೆ, ಅವಳು ಓಗೊಡುತ್ತಾಳೆ — ಯುಲಾನ್ ಕೂಡ ಹೀಗೇ ಎದ್ದಳು, ನಾನು ಬರೆಯುತ್ತಿರುವ ಕಾದಂಬರಿಯ ಯುಲಾನ್, ಮಿಂಗ್ ದೊರೆಗಳ ಕಾಲದ ಪರೀಕ್ಷಾ ಅಂಗಳದ ಬಾಗಿಲಲ್ಲಿ ಸತ್ತ ಅಣ್ಣ ಬೋವೆನ್‌ನ ಹೆಸರು ಕೂಗಿದಾಗ ಗಂಡುಡುಗೆಯಲ್ಲಿ ಬಾಯಿ ತೆರೆದವಳು, ಹೆಣ್ಣಿಗೆ ಆ ಪರೀಕ್ಷೆ ಇರಲಿಲ್ಲ, ಅದು ಇತಿಹಾಸ, ಅಣ್ಣನ ಹೆಸರಿಗೆ ಅವಳು ಓಗೊಟ್ಟಾಗಲೆಲ್ಲ ಊರಲ್ಲಿ ಒಬ್ಬರು ಅವಳನ್ನು ಮರೆಯುತ್ತಾರೆ, ಅದು ನಾನು ಕಟ್ಟಿದ್ದು, ಮೊದಲು ನಾಯಿ, ಆಮೇಲೆ ಸೋದರತ್ತೆ, ಕೊನೆಗೆ ಉಳಿದವಳು ತಾಯಿ ಒಬ್ಬಳೇ, ಮೈಸೂರಿನ ಪತ್ರಿಕೆಯಲ್ಲಿ ಬೇರೆಯವರ ವರದಿ ತಿದ್ದುತ್ತಿದ್ದವಳು ನಾನು, ಯಾವುದು ನಿಜ ಯಾವುದು ಕಟ್ಟಿದ್ದು ಎಂದು ಗೆರೆ ಎಳೆದುಕೊಂಡೇ ಬರೆಯುತ್ತೇನೆ, ನಿಜ ಇದು: ಉತ್ತರ ಬರೆದವನ ಹೆಸರಿನ ಮೇಲೆ ಕಾಗದ ಅಂಟಿಸುತ್ತಿದ್ದರು, ಗುಮಾಸ್ತರು ಇಡೀ ಉತ್ತರವನ್ನು ಕೆಂಪು ಶಾಯಿಯಲ್ಲಿ ನಕಲು ಮಾಡುತ್ತಿದ್ದರು, ಪರೀಕ್ಷಕನ ಕೈಗೆ ಹೋಗುತ್ತಿದ್ದದ್ದು ಆ ನಕಲು, ಕೈಬರಹ ಕೂಡ ಬರೆದವನದಲ್ಲ.

ಅಮ್ಮಾ, ಬ್ಯಾಗ್ ನೆಲದ ಮೇಲಿಡು, ನಿಧಿ ಪಿಸುಗುಟ್ಟಿದಳು, ಇಟ್ಟೆ, ಬಗ್ಗಿದೆ, ಕುಳಿತೆ, ಎದುರಿಗೆ ಶಾಲೆಯ ಶಿಕ್ಷಕರು, ಓನೋ ಸೆನ್ಸೇ, ದಪ್ಪ ಕನ್ನಡಕ, ಹೈಸ್ಕೂಲಿಗೆ ಮುಂಚಿನ ಈ ಶಾಲೆಗೆ ಸೇರಲು ಮಗುವಿನ ಜೊತೆ ಹೆತ್ತವರ ಸಂದರ್ಶನವೂ ಆಗಬೇಕು, ಜಪಾನಿ ಬರುವ ಮಧುಕರ್ ಬರಬೇಕಿತ್ತು, ನಿನ್ನೆ ಸಂಜೆ ಹಮಾಮತ್ಸುವಿನ ಕಾರ್ಖಾನೆಯಲ್ಲಿ ಲೈನ್ ನಿಂತಿತು, ಅಲ್ಲಿಂದಲೇ ಫೋನು, ಯಾಮಿನಿ, ನೀನೇ ಹೋಗು, ನಿಧಿ ಮ್ಯಾನೇಜ್ ಮಾಡ್ತಾಳೆ, ಅವಳು ಮಾಡುತ್ತಾಳೆ, ಆರು ವರ್ಷವಾದರೂ ನನ್ನ ಜಪಾನಿ ಬೀದಿ ಮೂಲೆಯ ಕೊಂಬಿನಿ ಅಂಗಡಿಯ ಕೌಂಟರ್ ದಾಟಿಲ್ಲ, ಸೆನ್ಸೇ ಕೇಳುತ್ತಾರೆ, ಅವಳು ಕನ್ನಡಕ್ಕೆ ತರುತ್ತಾಳೆ, ಅಮ್ಮಾ, ನೀನೇನ್ ಕೆಲಸ ಮಾಡ್ತೀಯ ಅಂತೆ, ಕಾದಂಬರಿ ಬರೀತೀನಿ ಅಂತ ಹೇಳು, ಎಂದೆ, ಅವಳು ಹೇಳಿದಳು, ಶುಫು, ಗೃಹಿಣಿ, ಆ ಪದ ನನಗೆ ಗೊತ್ತು, ಹೋದ ವಾರ ಅಡುಗೆಮನೆಯಲ್ಲಿ ಅಪ್ಪ ಮಗಳು ಅಭ್ಯಾಸ ಮಾಡುತ್ತಿದ್ದರು, ಶುಫು ಅಂದ್ಬಿಡು ಪುಟ್ಟಿ, ಕಾದಂಬರಿ ಅಂದ್ರೆ ಎಲ್ಲಿ ಪ್ರಿಂಟಾಗಿದೆ ಅಂತಾರೆ, ಅಪ್ಪಾ, ಅಮ್ಮಂಗೆ ಕೋಪ ಬರತ್ತೆ, ಬಂದ್ರೆ ನಿಮ್ಮಮ್ಮಂಗೆ ಕಾಫಿ ಮಾಡ್ಕೊಡ್ತೀನಿ ಬಿಡು, ನಾನು ಬಟ್ಟೆ ಮಡಚುತ್ತಿದ್ದೆ, ಪ್ರಿಂಟಾಗಿಲ್ಲ ಎನ್ನುವುದು ಸರಿಯಾದ ಮಾಹಿತಿ.

ಮುಂದಿನ ಪ್ರಶ್ನೆ ಅವಳಿಗೇ, ಮನಸ್ಸಿನಲ್ಲಿ ಉಳಿದ ಪುಸ್ತಕ ಯಾವುದು, ಮನೆಯಲ್ಲಿ ಕೇಳಿ ಕೇಳಿ ನನಗೂ ಗೊತ್ತಿದ್ದ ಪ್ರಶ್ನೆ, ಕೋಚಿಂಗಿನಲ್ಲಿ ಬಾಯಿಪಾಠ ಮಾಡಿಸಿದ್ದು ಬೇರೆ ಯಾವುದೋ ಜಪಾನಿ ಪುಸ್ತಕ, ಈಗ ಅದನ್ನು ಹೇಳುತ್ತಾಳೆ — ಬೋವೆನ್ ಎಂದಳು, ಬೋವೆನ್, ಆ ಹೆಸರು ನಾನಿಟ್ಟದ್ದು, ಅದು ನನ್ನ ಅಧ್ಯಾಯಗಳಲ್ಲಿ ಬಿಟ್ಟರೆ ಎಲ್ಲೂ ಇಲ್ಲ, ಊಟ ಮಾಡಿಸುತ್ತ ಹೇಳಿದ ಕಥೆ ಅದು, ಅವಳು ಕೇಳುತ್ತಿದ್ದಳೋ ಮೀನಿನ ವಿಡಿಯೋ ನೋಡುತ್ತಿದ್ದಳೋ ನನಗೆ ಗೊತ್ತಾಗುತ್ತಿರಲಿಲ್ಲ, ಕೇಳಿದ್ದಾಳೆ, ನಾಯಿಯಂತೆ ಮುಖ ತಿರುಗಿಸಿ ತೋರಿಸುತ್ತಾಳೆ, ಓನೋ ಸೆನ್ಸೇ ನಗುತ್ತಾರೆ, ಸೋದರತ್ತೆ, ಅಂಗಳ, ಅರಮನೆ, ಕೈಸನ್ನೆಯಿಂದಲೇ ಗೊತ್ತಾಗುತ್ತಿದೆ, ಯುಲಾನ್ ಮೊದಲ ಸ್ಥಾನ ಪಡೆದಿದ್ದಾಳೆ, ಚಕ್ರವರ್ತಿ ಅಣ್ಣನ ಹೆಸರು ಕರೆಯುತ್ತಾನೆ, ಓಗೊಟ್ಟರೆ ತಾಯಿಯೂ ಮರೆಯುತ್ತಾಳೆ, ಓಗೊಡದಿದ್ದರೆ ತಲೆ ಹೋಗುತ್ತದೆ, ಅಲ್ಲಿಗೇ ನಾನು ನಿಂತಿರುವುದು, ಎರಡು ವರ್ಷದಿಂದ ಅಲ್ಲೇ, ನಿಧಿ ನಿಲ್ಲಲಿಲ್ಲ, ವೇಗವಾಗಿ ಹೇಳುತ್ತ ಹೋದಳು, ನನಗೆ ಸಿಕ್ಕಿದ್ದು ಅಮ್ಮ, ಹೆಸರು, ಬಾಗಿಲು, ಮತ್ತೆ ಅಮ್ಮ, ಮಿಕ್ಕದ್ದು ಹರಿದುಹೋಯಿತು, ಓನೋ ಸೆನ್ಸೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಬರೆದವರು ಯಾರು ಎಂದರು, ಅದು ತಿಳಿಯಿತು, ಗೊತ್ತಿಲ್ಲ, ಚೀನಾದ ಹಳೆಯ ಕಥೆ ಎಂದಳು, ಅದೂ ತಿಳಿಯಿತು, ನಿಧಿಯ ಕಿವಿ ಕೆಂಪಾಗಿತ್ತು, ನಾನು ಎನ್ನುವುದಕ್ಕೆ ಜಪಾನಿಯಲ್ಲಿ ಏನೆನ್ನಬೇಕೆಂದು ನನಗೆ ಗೊತ್ತು, ಮೊದಲ ಪಾಠದ ಮೊದಲ ಪದ, ಅದನ್ನು ಆಡಿದರೆ ಗೃಹಿಣಿ ಎಂದದ್ದು ಸುಳ್ಳಾಗುತ್ತದೆ, ಗೊತ್ತಿಲ್ಲ ಎಂದದ್ದು ಸುಳ್ಳಾಗುತ್ತದೆ, ಮೂರು ವರ್ಷ ಭಾನುವಾರಗಳನ್ನೂ ಬಿಡದೆ ಓದಿದ ಹುಡುಗಿ, ಸೆನ್ಸೇ ನನ್ನತ್ತ ತಿರುಗಿದರು, ಅಮ್ಮಾ, ಆ ಬುಕ್ ನೀನೂ ಓದಿದೀಯಾ ಅಂತ ಕೇಳ್ತಿದಾರೆ, ಅವಳ ದನಿ ಸಣ್ಣದಾಗಿತ್ತು, ಹಾಯ್, ಎಂದೆ ನಾನು.

ಸ್ಟೇಷನ್ನಿನಲ್ಲಿ ಕೇಳಿದೆ, ಕೊನೆಗೇನಾಯ್ತೇ ಯುಲಾನ್‌ಗೆ, ಐ ಜಸ್ಟ್ ಮೇಡ್ ಇಟ್ ಅಪ್ ಅಮ್ಮಾ, ಏನ್ ಅಂತ ಹೇಳೇ, ಕನ್ನಡದಲ್ಲಿ ಹೇಳಕ್ಕೆ ಬರಲ್ಲ, ಸಾರಿ, ರೈಲು ಬಂತು, ಜನ ಇಳಿದರು, ಹತ್ತಿದೆವು, ನಕಲು ಓದಿ ಪರೀಕ್ಷಕ ಕಣ್ಣೊರೆಸಿಕೊಂಡರೂ ಮೂಲದ ಪ್ರತಿ ಎಲ್ಲೋ ಕಪಾಟಿನಲ್ಲಿ, ಅದರ ಮೇಲೆ ಅಂಟಿಸಿದ ಕಾಗದ, ಅಂಟು ಇನ್ನೂ ಹಸಿ, ಕಾಗದದ ಅಡಿಯಲ್ಲಿ ಹೆಸರು, ಕಾಗದ —

ಮರುದಿನ ಮಧ್ಯಾಹ್ನ ಫಲಿತಾಂಶ ಬಂತು. ನಿಧಿಗೆ ಸೀಟು ಸಿಕ್ಕಿತ್ತು.