ಸೋಮವಾರದ ಕೆಂಪು ಚುಕ್ಕೆ

ನಾನು ಒಂದು ಇಂಟರ್ನೆಟ್ ಪೆಟ್ಟಿಗೆ. ಮೋಡೆಮ್ ಎಂದು ಕರೆದರೂ ಓಗೊಡುತ್ತೇನೆ. ಹುಟ್ಟಿದ್ದು ಉತ್ತರದ ಯಾವುದೋ ಕಾರ್ಖಾನೆಯಲ್ಲಿ. ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನ ಹೊಟ್ಟೆಗೆ ನಾಲ್ಕು ತಿರುಪು ಬಿಗಿದು, ಐದು ದೀಪಗಳೂ ಹತ್ತುತ್ತವೆಯೇ ಎಂದು ನೋಡಿ, ಬೆನ್ನಿಗೆ ಗುರುತಿನ ಸಂಖ್ಯೆಯ ಚೀಟಿ ಅಂಟಿಸಿದಳು. ಹಳ್ಳಿಯ ಶಾಲೆ, ಗ್ರಂಥಾಲಯಗಳಿಗೆ ಇಂಟರ್ನೆಟ್ ಕೊಡುವ ಯೋಜನೆಗೆಂದು ಸರ್ಕಾರ ಕೊಂಡ ಪೆಟ್ಟಿಗೆಗಳಲ್ಲಿ ನಾನೂ ಒಬ್ಬ. ತಂತಿ ಎಳೆಸುವುದು, ತಿಂಗಳ ಶುಲ್ಕ ಕಟ್ಟುವುದು ಸರ್ಕಾರದ ಹೊಣೆ. ಬಳಸುವುದು ಊರಿನ ಹೊಣೆ. ಕರಾರು ಇಷ್ಟೇ.

ಹನ್ನೊಂದು ತಿಂಗಳು ಜಿಲ್ಲಾ ಗೋದಾಮಿನಲ್ಲಿ ಕೂತೆ. ಆಮೇಲೆ ಬೇವಿನಗುಂಡಿಯ ಪ್ರೌಢಶಾಲೆಗೆ ಬಂದೆ. ಹೆಡ್‌ಮಾಸ್ತರರು ರುಜು ಹಾಕಿ ನನ್ನನ್ನು ಪಡೆದುಕೊಂಡು, ನೇರವಾಗಿ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅವರು ಕೆಟ್ಟವರಲ್ಲ. ಕಳೆದರೆ ಉತ್ತರ ಕೊಡಬೇಕಾದವರು ತಾವು, ಕೆಲಸ ಮಾಡದಿದ್ದರೆ ಯಾರೂ ಕೇಳುವುದಿಲ್ಲ ಎಂಬುದನ್ನು ಮೂವತ್ತು ವರ್ಷದ ನೌಕರಿಯಲ್ಲಿ ಕಲಿತಿದ್ದರು. ತಪಾಸಣೆಗೆ ಯಾರಾದರೂ ಬಂದಾಗ ನನ್ನನ್ನು ಒರೆಸಿ ಮೇಜಿನ ಮೇಲಿಡುತ್ತಿದ್ದರು. ಎರಡು ವರ್ಷದಲ್ಲಿ ನಾನು ಹೊರಗೆ ಬಂದದ್ದು ಮೂರು ಸಲ. ದೀಪ ಹತ್ತಿದ್ದು ಒಂದು ಸಲವೂ ಇಲ್ಲ.

ಅವರು ನಿವೃತ್ತರಾದ ಮೇಲೆ ಬಂದ ಹೊಸ ಹೆಡ್‌ಮಾಸ್ತರರು, ತಂತಿ ಶಾಲೆಯವರೆಗೆ ಬಂದಿಲ್ಲವೆಂಬ ಕಾರಣ ಬರೆದು ನನ್ನನ್ನು ಎದುರಿನ ಪಂಚಾಯಿತಿ ಗ್ರಂಥಾಲಯಕ್ಕೆ ದಾಟಿಸಿದರು. ಅಲ್ಲಿನ ಮೇಲ್ವಿಚಾರಕಿ ಹುಸೇನಬಿ ನದಾಫ. ತಂತಿ ಜೋಡಿಸಲು ಬಂದ ಲೈನ್‌ಮ್ಯಾನ್ ಶಿವಪುತ್ರನನ್ನು ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದು ಕೆಟ್ರ ಯಾರಿಗೆ ಫೋನ್ ಹಚ್ಚಬೇಕು?" ಅವನು ಹೇಳಿದ ನಂಬರನ್ನು ಗೋಡೆಗೇ ಬರೆದರು. ಅವತ್ತು ನನ್ನ ಐದೂ ದೀಪ ಹತ್ತಿದವು.

ಬೇವಿನಗುಂಡಿ ತಗ್ಗಿನಲ್ಲಿರುವ ಊರು. ಮೊಬೈಲ್‌ಗೆ ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಬೇಕು. ಹೀಗಾಗಿ ವಾರದೊಳಗೆ ಜನ ನನ್ನ ಸುತ್ತ ಸೇರಿದರು. ಪಹಣಿ ನೋಡುವವರು, ಮಗಳ ಹಾಸ್ಟೆಲಿಗೆ ಅರ್ಜಿ ಹಾಕುವವರು, ಸುಮ್ಮನೆ ಕುಸ್ತಿ ನೋಡುವವರು. ದಿನವೂ ತಪ್ಪದೆ ಬರುತ್ತಿದ್ದವಳು ರೇಣವ್ವ ಮಾದರ. ವಯಸ್ಸು ಇಪ್ಪತ್ನಾಲ್ಕು. ನಸುಕಿನಲ್ಲಿ ಹೊಲಿಗೆ ಮುಗಿಸಿ, ಹತ್ತಕ್ಕೆ ಬಾಗಿಲು ತೆಗೆಯುವಾಗಲೇ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆಗೆ ಅವಳು ಕೇಳುತ್ತಿದ್ದ ಪಾಠಗಳೆಲ್ಲ ನನ್ನ ಮೂಲಕವೇ ಹಾದುಹೋಗುತ್ತಿದ್ದವು. ಅವಳಿಗೆ ಬೇರೆ ಕೋಚಿಂಗ್ ಇರಲಿಲ್ಲ.

ಹುಸೇನಬಿ ನಿಯಮದ ಮನುಷ್ಯೆ. ಎಲ್ಲೋ ಒಂದು ಗ್ರಂಥಾಲಯಕ್ಕೆ ಬೆಂಕಿ ಬಿದ್ದ ಮೇಲೆ, ಬೀಗ ಹಾಕುವ ಮುನ್ನ ಮೇನ್ ಸ್ವಿಚ್ ಆರಿಸಬೇಕೆಂದು ಸುತ್ತೋಲೆ ಬಂದಿತ್ತು. ಅವರು ಒಂದು ದಿನವೂ ಮರೆಯಲಿಲ್ಲ. ಸೋಮವಾರ ಗ್ರಂಥಾಲಯಕ್ಕೆ ವಾರದ ರಜೆ. ಆ ದಿನ ಬಾಗಿಲಿಗೆ ಬೀಗ, ನನಗೆ ನಿದ್ದೆ.

ನಾನು ಗ್ರಂಥಾಲಯಕ್ಕೆ ಬಂದ ಮೂರನೆಯ ವರ್ಷ ಜಿಲ್ಲೆಯಿಂದ ಪತ್ರ ಬಂತು. ಬೇವಿನಗುಂಡಿಯ ಉಪಕರಣ ಆರು ತಿಂಗಳಿಂದ ನಿಷ್ಕ್ರಿಯವಾಗಿದೆ, ಆದ್ದರಿಂದ ನೆರವು ನಿಲ್ಲಿಸಿ ಉಪಕರಣವನ್ನು ವಾಪಸ್ ಪಡೆಯಲಾಗುವುದು ಎಂದು ಅದರಲ್ಲಿತ್ತು. ಹುಸೇನಬಿ ಪತ್ರವನ್ನು ಎರಡು ಸಲ ಓದಿ, ನನ್ನ ಕಡೆ ತಿರುಗಿ ನೋಡಿದರು. ಆ ಹೊತ್ತಿನಲ್ಲಿ ರೇಣವ್ವ ನನ್ನಿಂದ ಭೂಕಂದಾಯದ ಪಾಠ ಕೇಳುತ್ತಿದ್ದಳು. ಅವಳ ಪರೀಕ್ಷೆಗೆ ಇನ್ನು ಇಪ್ಪತ್ಮೂರು ದಿನ ಉಳಿದಿತ್ತು.

ಮರುವಾರ, ಮಂಗಳವಾರ, ಸವದಿ ಎಂಬ ಅಧಿಕಾರಿ ಬಂದರು. ಜೊತೆಗೆ ಅದೇ ಶಿವಪುತ್ರ, ಕೈಯಲ್ಲಿ ಖಾಲಿ ರಟ್ಟಿನ ಡಬ್ಬಿ. ಹಿಂದಿನ ದಿನವೂ ಬಂದಿದ್ದೆವು, ಬಾಗಿಲು ಮುಚ್ಚಿತ್ತು, ಅದನ್ನೂ ವರದಿಯಲ್ಲಿ ಬರೆದಾಗಿದೆ ಎಂದರು ಸವದಿ. ಶಿವಪುತ್ರ ನನ್ನ ತಂತಿಗೆ ಕೈಹಾಕಿದ. ಹುಸೇನಬಿ ಪ್ಲಗ್ಗಿನ ಮೇಲೆ ಅಂಗೈ ಇಟ್ಟರು.

"ಸರ, ಇದು ಸತ್ತೈತಿ ಅಂತ ಬರದೀರಿ. ಹಂಗಾದ್ರ ಈ ಹುಡುಗಿ ಯಾರ ಮಾತು ಕೇಳಾಕತ್ಯಾಳ?"

ಇವತ್ತಿನದು ಬೇರೆ, ದಾಖಲೆ ಬೇರೆ ಎಂದರು ಸವದಿ. ಆಗ ರೇಣವ್ವ ಎದ್ದಳು. ನನ್ನ ಬೆನ್ನಿನ ಸಂಖ್ಯೆ ಹಾಕಿದರೆ ದಿನದಿನದ ಬಳಕೆ ಮೊಬೈಲಿನಲ್ಲಿ ಕಾಣುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ದೊಡ್ಡ ಪಾಠ ತೆರೆಯುವ ಮುನ್ನ ಡೇಟಾ ಎಷ್ಟು ಉಳಿದಿದೆ ಎಂದು ನೋಡುವ ರೂಢಿ ಅವಳದು. ಆರು ತಿಂಗಳ ಪಟ್ಟಿ ತೆಗೆದು ಅವರ ಮುಂದೆ ಹಿಡಿದಳು. ಸವದಿ ಬೆರಳಾಡಿಸಿದರು. ಏಳನೇ ತಾರೀಖು ಸೊನ್ನೆ, ಹದಿನಾಲ್ಕು ಸೊನ್ನೆ, ಇಪ್ಪತ್ತೊಂದು ಸೊನ್ನೆ.

"ನೋಡ್ರಿ ಮತ್ತ. ಸೊನ್ನಿ ಅದಾವಲ್ಲ?"

ಹುಸೇನಬಿ ಗೋಡೆಯ ಕ್ಯಾಲೆಂಡರ್ ಕಿತ್ತು ತಂದು ಮೊಬೈಲಿನ ಪಕ್ಕಕ್ಕಿಟ್ಟರು. ಎರಡು ಹಬ್ಬ ಬಿಟ್ಟರೆ, ಸೊನ್ನೆ ಬಿದ್ದ ತಾರೀಖುಗಳೆಲ್ಲ ಸೋಮವಾರ. ಉಳಿದ ದಿನಗಳಲ್ಲೆಲ್ಲ ನಾನು ದುಡಿದಿದ್ದೆ.

ಶಿವಪುತ್ರ ತಲೆ ಕೆರೆದುಕೊಂಡ. "ಸರ, ಪೆಟ್ಟಿಗಿ ಚಾಲೂ ಐತೋ ಇಲ್ಲೋ ನೋಡಾಕ ಆರು ತಿಂಗಳಿಂದ ಜಿಲ್ಲಾದ ಕಂಪ್ಯೂಟರ್ ವಾರಕ್ಕ ಒಮ್ಮೆ ಕರೀತೈತ್ರಿ. ಸೋಮವಾರ, ಹನ್ನೊಂದಕ್ಕ."

ವಾರಕ್ಕೊಮ್ಮೆ ನನ್ನ ಹೆಸರು ಕೂಗುತ್ತಿದ್ದರಂತೆ, ಅದೂ ರಜೆಯ ದಿನ. ಓಗೊಡದಿದ್ದಕ್ಕೆ ನನ್ನ ಹೆಸರಿನ ಮುಂದೆ ಪ್ರತಿ ವಾರವೂ ಕೆಂಪು ಚುಕ್ಕೆ.

ಸವದಿಯವರ ದನಿ ಮೆತ್ತಗಾಯಿತು. ವ್ಯವಸ್ಥೆ ಬದಲಿಸುವುದು ತಮ್ಮ ಕೈಯಲ್ಲಿಲ್ಲ, ಸೋಮವಾರ ಸ್ವಿಚ್ ಹಚ್ಚಿ ಬೀಗ ಹಾಕಿ ಹೋಗಿ, ಹಸಿರು ಬಂದರೆ ಸಾಕು, ಬೇರೆ ಊರಿನವರು ಹಾಗೇ ಮಾಡುತ್ತಾರೆ ಎಂದು ಸಲಹೆ ಕೊಟ್ಟರು.

"ಒಳಗ ಯಾರೂ ಇಲ್ಲದಾಗ ಹಸಿರು, ಮಂದಿ ತುಂಬಿದಾಗ ಕೆಂಪು. ಇದಕ್ಕ ನಾ ಕೂಡೂದಿಲ್ರಿ ಸರ," ಎಂದರು ಹುಸೇನಬಿ. "ಆರಿಸು ಅಂತ ಸುತ್ತೋಲೆ ಕಳಿಸಿದವ್ರೂ ನೀವ. ನೀವು ಇವತ್ತು ಕಣ್ಣಾರೆ ಕಂಡದ್ದು ಬರದು ಸಹಿ ಹಾಕ್ರಿ. ಆಮ್ಯಾಲ ಬೇಕಾದ್ರ ಒಯ್ರಿ."

ತಮಗೆ ಹಾಗೆ ಬರೆಯುವ ಅಧಿಕಾರವಿಲ್ಲ ಎಂದರು ಸವದಿ. ಒಯ್ಯುವ ಅಧಿಕಾರ ಇರುವವರಿಗೆ ನೋಡುವ ಅಧಿಕಾರವೂ ಇರಬೇಕಲ್ಲ ಎಂದು ಕೇಳಿದಳು ರೇಣವ್ವ, ಪರೀಕ್ಷೆಯ ಪ್ರಶ್ನೆಗೆ ಉತ್ತರಿಸುವವಳಂತೆ. ಹುಸೇನಬಿಯ ಅಂಗೈ ಪ್ಲಗ್ಗಿನಿಂದ ಕದಲಲಿಲ್ಲ. ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಸವದಿ ಕಾಗದ ಕೇಳಿದರು. ಮೂರು ಸಾಲು ಬರೆದು ಸಹಿ ಹಾಕಿದರು. ಶಿವಪುತ್ರ ಖಾಲಿ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಹೋದ.

ನೆರವು ಉಳಿಯಿತು. 'ತಾತ್ಕಾಲಿಕವಾಗಿ' ಎಂಬ ಪದ ಸೇರಿಸಿ ಆದೇಶ ಬಂತು, ಆ ತಾತ್ಕಾಲಿಕ ನಾಲ್ಕು ವರ್ಷ ನಡೆಯಿತು. ಕರೆಯುವ ದಿನವನ್ನು ಮಾತ್ರ ಯಾರೂ ಬದಲಿಸಲಿಲ್ಲ. ರೇಣವ್ವ ಆ ಸಲ ಎರಡು ಅಂಕದಿಂದ ಫೇಲಾದಳು. ಫಲಿತಾಂಶ ಬಂದ ಮರುದಿನ ಹತ್ತಕ್ಕೆ ಮತ್ತೆ ಕಟ್ಟೆಯ ಮೇಲೆ ಕೂತಿದ್ದಳು. ಮುಂದಿನ ಸಲ ಪಾಸಾದಳು.

ಈಗ ನನ್ನ ಜಾಗಕ್ಕೆ ಹೊಸ ಪೆಟ್ಟಿಗೆ ಬಂದಿದೆ. ನಾನು ಜಿಲ್ಲೆಯ ಗುಜರಿ ಕೋಣೆಯಲ್ಲಿ, ಬೇರೆ ಬೇರೆ ಊರಿನ ನನ್ನಂಥವರ ನಡುವೆ ಗೋಣಿಚೀಲದಲ್ಲಿದ್ದೇನೆ. ಕೆಲವರ ಮೈಗೆ ಅಂಟಿದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಸುಲಿದಿಲ್ಲ. ಸೋಮವಾರ ಹನ್ನೊಂದಕ್ಕೆ ಹೊತ್ತಿಕೊಂಡು ಹನ್ನೆರಡಕ್ಕೆ ಆರಿದವರು ಅವರು. ದಾಖಲೆ ಪೂರಾ ಹಸಿರು. ನನ್ನ ಒಂದು ಆಂಟೆನಾ ಮುರಿದಿದೆ, ಬೆನ್ನಿನ ಸಂಖ್ಯೆ ಬೆರಳು ತಾಗಿ ತಾಗಿ ಅಳಿಸಿದೆ, ಮೈ ಹಳದಿಗಟ್ಟಿದೆ. ನನ್ನ ದಾಖಲೆ ಕೊನೆಯವರೆಗೂ ಕೆಂಪು.

ಇರಲಿ. ಅಳಿಸಿಕೊಡಿ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಅವರು ಕರೆದ ದಿನ ನನಗೆ ರಜೆ ಇತ್ತು. ಊರು ಕರೆದ ದಿನ ನಾನು ಇದ್ದೆ.