ಹೆಂಗಸರ ಕಡೆಯ ಗೋಡೆ

ಪರದೆಯ ಮೇಲೆ ಸಾಹುಕಾರನ ಧೋತರ ಸೈಕಲ್ಲಿನ ಚೈನಿಗೆ ಸಿಕ್ಕಿತ್ತು. ಅವನು ಅದನ್ನು ಎಳೆದುಕೊಳ್ಳುತ್ತ ಸೈಕಲ್ಲಿನ ಜೊತೆಗೇ ಓಡುತ್ತಿದ್ದ. ಗಂಡಸರಲ್ಲಿ ನಗೆ ಎದ್ದಿತು, ಯಾರೋ ಸೀಟಿ ಹೊಡೆದರು. ಸುವರ್ಣಾಳ ಕಿವಿ ಮಾತ್ರ ತನ್ನ ಅಕ್ಕಪಕ್ಕದಲ್ಲಿತ್ತು. ಒಬ್ಬ ಹೆಂಗಸೂ ನಗಲಿಲ್ಲ. ಸೆರಗನ್ನು ಹಣೆಯತನಕ ಎಳೆದುಕೊಂಡು, ಸತ್ತವರ ಮನೆಗೆ ಮಾತಾಡಿಸಲು ಬಂದವರಂತೆ ಎಲ್ಲರೂ ಕೂತಿದ್ದರು.

ಸಿಂದಗಿಯ ಈ ಟಾಕೀಜು ನಾಲ್ಕು ವರ್ಷ ಮುಚ್ಚಿ ಬಿದ್ದಿತ್ತು. ಮನೆಮನೆಗೆ ಟೀವಿ ಬಂದ ಮೇಲೆ ಮಾವ ಸಿದ್ದರಾಯರು ಅದನ್ನು ತೊಗರಿ ವ್ಯಾಪಾರಿಯ ಗೋದಾಮಿಗೆ ಕೊಡಲು ಹೊರಟಿದ್ದರು. ಇನ್ನೊಂದು ಸಲ ನಡೆಸಿ ನೋಡೋಣವೆಂದು ಗಂಡ ಸಂಗಮೇಶನ ಬಾಯಿಂದ ಹೇಳಿಸಿದವಳು ಸುವರ್ಣಾ. ಸೋರುತ್ತಿದ್ದ ತಗಡು ಬದಲಾಯಿತು, ಕೂರುವ ಮರದ ಬಾಕುಗಳ ಜಾಗಕ್ಕೆ ಕುರ್ಚಿಗಳು ಬಂದವು. ಹೆಂಗಸರ ಕಡೆಯನ್ನು ಗಂಡಸರಿಂದ ಬೇರೆ ಮಾಡಿದ್ದ ಆಳೆತ್ತರದ ಗೋಡೆಯನ್ನು ಕೆಡವಬೇಕೆಂದವಳೂ ಅವಳೇ. ವಿಜಾಪುರದಲ್ಲಿ ಕಾಲೇಜು ಓದುವಾಗ ಗಂಡ, ಹೆಂಡತಿ, ಮಕ್ಕಳು ಒಂದೇ ಸಾಲಿನಲ್ಲಿ ಕೂತು ಸಿನಿಮಾ ನೋಡುವುದನ್ನು ಕಂಡು ಅವಳಿಗೆ ಆಸೆಯಾಗಿತ್ತು. ಸಿದ್ದರಾಯರು ಬೇಡವೆನ್ನಲಿಲ್ಲ, ಗೋಡೆ ಬಿತ್ತು. "ದೀಪಾವಳಿತನಾ ನೋಡ್ತೇನಿ. ಹೆಣ್ಮಕ್ಕಳು ಬಂದ್ರ ಟಾಕೀಜು, ಬರ್ಲಿಲ್ಲಂದ್ರ ತೊಗರಿ," ಎಂದು ಮಗನಿಗೆ ಹೇಳಿದ್ದರು.

ಮಧ್ಯಂತರದ ದೀಪ ಹತ್ತಿದಾಗ ಹಿಟ್ಟಿನ ಗಿರಣಿಯವರ ಮನೆಯ ರೇವವ್ವ ಚಪ್ಪಲಿ ಹುಡುಕಾಡುತ್ತಿದ್ದಳು.

"ಯಾಕ್ರಿ ವೈನಿ, ಪಿಚ್ಚರ್ ಹಿಡಿಸ್ಲಿಲ್ಲೇನು?" ಸುವರ್ಣಾ ಕೇಳಿದಳು.

"ಪಿಚ್ಚರ್ ಚಲೋ ಐತಿ. ನಮ್ಮ ಮಾವ ಹಿಂದಿನ ಸಾಲಿನ್ಯಾಗ ಕುಂತಾನ. ಅವ ಕೆಮ್ಮಿದಾಗೊಮ್ಮೆ ನಾ ಸೆರಗ ಜಗ್ಗೋದು. ಮನ್ಯಾಗ ಟೀವಿ ಮುಂದನೂ ಹಿಂಗ ಕುಂದರ್ತೇನಿ. ಅಲ್ಲಿ ಪುಕ್ಕಟ, ಇಲ್ಲಿ ರೊಕ್ಕ ಕೊಟ್ಟ ಚೀಟಿ."

"ಗಂಡ ಹೆಂಡ್ತಿ ಜೋಡಿ ಕುಂದರ್ಲಿ ಅಂತ..."

"ಜೋಡಿ ಕುಂದರಾಕ ಮನಿ ಐತೆಲ್ಲವ್ವ," ಎಂದಳು ರೇವವ್ವ. "ಗೋಡಿ ಇದ್ದಾಗ ಕಾಲ ಚಾಚಿ ಕುಂದರ್ತಿದ್ವಿ. ಅಳ್ತಿದ್ವಿ. ಪಿಚ್ಚರಿನ್ಯಾಗಿನ ಅತ್ತೀನ್ನ ಮನಸಾರೆ ಬೈತಿದ್ವಿ. ಹೋಗ್ಲಿ, ನಿಮ್ಮ ಮಾವಾರೂ ಹಿಂದ ಅದಾರ. ನೀ ಎಷ್ಟ ಸಲ ನಕ್ಕಿ, ಹೇಳು?"

ಸುವರ್ಣಾ ಹಣೆ ಮುಟ್ಟಿಕೊಂಡಳು. ಅವಳ ಸೆರಗೂ ಅಲ್ಲಿತನಕ ಇಳಿದಿತ್ತು.

ಅಂದು ರಾತ್ರಿ ಮನೆಯಲ್ಲಿ ಅವಳು ಗಂಡನಿಗೆ, "ಗೋಡಿ ಮತ್ತ ಕಟ್ಟಸ್ರಿ ಅಂತ ಮಾವಾರಿಗೆ ನೀವ ಹೇಳ್ರಿ," ಎಂದಳು.

"ಕೆಡವು ಅಂದಾಕಿ ನೀನು. ಕಟ್ಟು ಅಂತ ನಾ ಯಾವ ಮಾರಿ ಇಟ್ಕೊಂಡು ಹೇಳ್ಲಿ?" ಎಂದು ಸಂಗಮೇಶ ಮಗ್ಗುಲಾದ.

ಮದುವೆಯಾದಾಗಿನಿಂದ ಅವಳು ಮಾವನ ಜೊತೆ ನೇರ ಮಾತಾಡಿದ್ದಿಲ್ಲ. ಬೇಕಾದ್ದೆಲ್ಲ ಗಂಡನ ಮೂಲಕವೇ ಹೋಗಬೇಕು. ಓದಿದ ಸೊಸೆ ಕೆಡವಿದ ಗೋಡೆಯನ್ನು ತಾನೇ ಕಟ್ಟಿಸಿದರೆ ಊರು ಏನೆಂದೀತು? ಊರು ಹಾಳಾಗಲಿ, ತನ್ನ ಮನಸ್ಸೇ ಏನೆಂದೀತು? ಬೇಡದ್ದನ್ನು ಮತ್ತೆ ತರುತ್ತಿದ್ದೇನೋ, ಬೇಕಾದ್ದನ್ನೇ ತಿಳಿಯದೆ ಕಿತ್ತೆನೋ, ಅವಳಿಗೆ ಬಗೆಹರಿಯಲಿಲ್ಲ.

ಮುಂಜಾನೆ ಮಾವನ ಮುಂದೆ ಚಹಾ ಇಟ್ಟವಳು ಒಳಗೆ ಹೋಗದೆ ಬಾಗಿಲ ಮರೆಯಲ್ಲಿ ನಿಂತಳು.

"ಮಾವಾರ, ಗೋಡಿ ಕೆಡವಿದ್ದು ತಪ್ಪಾತ್ರಿ. ಮತ್ತ ಕಟ್ಟಸ್ರಿ."

ಸಿದ್ದರಾಯರು ಕಪ್ಪಿನಿಂದ ಬಸಿಗೆ ಚಹಾ ಬಗ್ಗಿಸಿಕೊಳ್ಳುತ್ತಿದ್ದವರು ಕೈ ತಡೆದರು. ಗೋಡೆಗೆ ಹೇಳುವವರಂತೆ, ಅತ್ತ ನೋಡುತ್ತಲೇ ಕೇಳಿದರು:

"ನಿನ್ನಿ ಪಿಚ್ಚರ್ ಹೆಂಗಿತ್ತವ್ವ?"

"ನೋಡ್ಲಿಲ್ರಿ."

"ಕುಂತಿದ್ದೆಲ್ಲ?"

"ನೀವು ಹಿಂದ ಇದ್ರಿ."

ಸಿದ್ದರಾಯರು ಕಪ್ಪು ಕೆಳಗಿಟ್ಟರು. "ನಾನೂ ನೋಡ್ಲಿಲ್ಲ ಬಿಡು. ಸೊಸಿ ಮುಂದ ಕುಂತಾಳಂತ, ಹಾಡ ಬಂದಾಗೊಮ್ಮೆ ನೆಲಾ ನೋಡ್ಕೋತ ಕುಂತಿದ್ದೆ." ಬಸಿ ಎತ್ತಿ ಸುರ್ರೆಂದು ಕುಡಿದರು. "ಗೋಡಿ ಕಟ್ಟಾಕ ಗೌಂಡಿಗೆ ಹೇಳಿ ಕಳಸ್ತೇನಿ."

ಮುಂದಿನ ವಾರ ಹೊಸ ಗೋಡೆಯ ಇಟ್ಟಿಗೆ ಮುಚ್ಚುವ ಗಿಲಾವು ಕೂಡ ಆಗಿರಲಿಲ್ಲ, ಹಸಿ ಸಿಮೆಂಟಿನ ವಾಸನೆ ಇನ್ನೂ ಇತ್ತು. ಹೆಂಗಸರ ಕಡೆ ಎಷ್ಟು ತುಂಬಿದೆಯೆಂದು ನೋಡಿಬರಲು ಸುವರ್ಣಾ ಒಳಗೆ ಬಂದಾಗ ದೀಪ ಆರಿತ್ತು. ಕಣ್ಣಿಗೆ ಏನೂ ಕಾಣಲಿಲ್ಲ. ಯಾವುದೋ ಕೈ ಅವಳನ್ನು ಕುರ್ಚಿಗೆ ಎಳೆದು ಕೂರಿಸಿತು. "ಇವನ್ನ ಹಿಡಿ ತಾಯಿ, ನನ್ನ ತೊಡಿ ಜುಮ್ಮ ಹಿಡದೈತಿ," ಎಂದು ಗುರುತಿಲ್ಲದ ಹೆಂಗಸೊಬ್ಬಳು ನಿದ್ದೆಹೋದ ಕೂಸನ್ನು ಅವಳ ಮಡಿಲಿಗೆ ದಾಟಿಸಿ, ಎರಡೂ ಕಾಲನ್ನು ಮುಂದಿನ ಕುರ್ಚಿಯ ಮೇಲಿಟ್ಟಳು. ಹಿಂದಿನಿಂದ ಯಾರೋ ಪರದೆಯ ಮೇಲಿನ ಅತ್ತೆಗೆ ಒಂದು ಬೈಗುಳ ಬಿಟ್ಟರು. ಸಾಲಿಗೆ ಸಾಲೇ ನಕ್ಕಿತು.

ಸುವರ್ಣಾ ಏಳಬೇಕೆಂದುಕೊಂಡಳು. ಬಾಗಿಲಲ್ಲಿ ಇನ್ನೂ ಜನ ನಿಂತಿದ್ದರೋ ಏನೋ, ನೋಡಬೇಕಿತ್ತು. ಕೂಸಿನ ಬಿಸಿ ಉಸಿರು ಅವಳ ಮುಂಗೈಗೆ ತಾಗುತ್ತಿತ್ತು. ಎದ್ದರೆ ಅದು ಎಚ್ಚರಾದೀತೆಂದು ಅವಳು ಅಲುಗಾಡದೆ ಕೂತಳು.